ಹದಿಮೂರನೆಯ ಸುತ್ತು, ನೂರು ಗ್ರಾಂ

ಬಾಕ್ಸಿಂಗ್ ಬಲ್ಲವರು ನಾಲ್ಕು ಜನ ಸೇರಿದರೆ ಒಂದು ಹಳೆಯ ತಕರಾರು ಏಳುತ್ತದೆ. ಹಿಂದೆ ಎಂಟೇ ತೂಕದ ವಿಭಾಗಗಳಿದ್ದವು, ಪಟ್ಟದ ಕಾಳಗ ಹದಿನೈದು ಸುತ್ತು ನಡೆಯುತ್ತಿತ್ತು. ಈಗ ವೃತ್ತಿಪರ ಬಾಕ್ಸಿಂಗಿನಲ್ಲಿ 17 ವಿಭಾಗಗಳಿವೆ, ಕಾಳಗ 12 ಸುತ್ತಿಗೆ ಇಳಿದಿದೆ. ಇದರಿಂದ ಆಟಕ್ಕೆ ಒಳ್ಳೆಯದಾಯಿತೇ? ಹಳಬರು ಇಲ್ಲ ಎನ್ನುತ್ತಾರೆ, ಹೊಸಬರು ಹೌದು ಎನ್ನುತ್ತಾರೆ. ಇಬ್ಬರೂ ಈ ಎರಡು ಬದಲಾವಣೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾತಾಡುತ್ತಾರೆ. ಸುತ್ತು ಕಡಿಮೆಯಾದದ್ದು ಒಂದು ಕಥೆ, ವಿಭಾಗ ಹೆಚ್ಚಿದ್ದು ಇನ್ನೊಂದು. ಎರಡನೆಯದರಲ್ಲಿ ಮತ್ತೆರಡು ಕಥೆಗಳಿವೆ.

ನಾನು ಹರಿಹರ ತಾಲ್ಲೂಕಿನ ಭಾನುವಳ್ಳಿಯವನು. ನಮ್ಮ ಕಡೆ ಬಾಕ್ಸಿಂಗ್ ರಿಂಗ್ ಟಿ.ವಿ.ಯಲ್ಲಿ ಕಂಡದ್ದು, ಕಣ್ಣೆದುರಿಗೆ ಕಂಡದ್ದು ಕುಸ್ತಿ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎಂದರೆ ಬಯಲು ಜಂಗಿ ಕುಸ್ತಿ ಇರಲೇಬೇಕು. ಅದೇ ಊರಿನ ಕ್ರೀಡಾ ವಸತಿ ನಿಲಯದಲ್ಲಿ ಮ್ಯಾಟಿನ ಮೇಲೆ ಪಟ್ಟು ಕಲಿಯುವ ಹುಡುಗರಿದ್ದಾರೆ. ಜಾತ್ರೆಯ ಮಣ್ಣಿನಲ್ಲಿ ಹಿರಿಯರ ಕಣ್ಣಳತೆ ನಡೆಯುತ್ತದೆ, ಮ್ಯಾಟಿನ ಮೇಲೆ ತೂಕದ ಯಂತ್ರ ನಡೆಯುತ್ತದೆ. ಹಳೆಯ ಕಾವ್ಯಗಳ ದ್ವಂದ್ವಯುದ್ಧಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಎರಡು ಅಳತೆಗಳ ನಡುವಿನ ಅಂತರ ಬರೀ ಕ್ರೀಡೆಯ ವಿಷಯವಾಗಿ ಕಂಡಿಲ್ಲ. ಇಬ್ಬರನ್ನು ಎದುರುಬದುರು ನಿಲ್ಲಿಸುವಾಗ ಇವರು ಸಮಾನರು ಎಂದು ಹೇಳುವವರು ಯಾರು, ಯಾವುದನ್ನು ನೋಡಿ ಹೇಳುತ್ತಾರೆ ಎಂಬುದೇ ದ್ವಂದ್ವದ ಮೊದಲ ಪ್ರಶ್ನೆ.

ನಮ್ಮ ಪುರಾಣಗಳು ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿವೆ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಜರಾಸಂಧನ ಮುಂದೆ ಮೂವರು ನಿಂತಿದ್ದಾರೆ. ಕೃಷ್ಣನನ್ನು ಅವನು ಹೇಡಿ ಎಂದು ತಳ್ಳಿಹಾಕುತ್ತಾನೆ. ಅರ್ಜುನ ವಯಸ್ಸಿನಲ್ಲೂ ಬಲದಲ್ಲೂ ತನಗೆ ಸಮನಲ್ಲ ಎನ್ನುತ್ತಾನೆ. ಭೀಮನೇ ತನ್ನ ಜೋಡಿ ಎಂದು ಆರಿಸಿಕೊಳ್ಳುತ್ತಾನೆ, ಆರಿಸಿಕೊಂಡವನ ಕೈಯಲ್ಲೇ ಸಾಯುತ್ತಾನೆ. ಮಹಾಭಾರತದ ಶಲ್ಯಪರ್ವದಲ್ಲಿ ಇದು ತಿರುಗುಮುರುಗಾಗುತ್ತದೆ. ಐವರಲ್ಲಿ ಯಾರನ್ನಾದರೂ ಆರಿಸಿಕೋ, ಗೆದ್ದರೆ ರಾಜ್ಯ ನಿನ್ನದು ಎಂದು ಧರ್ಮರಾಯ ದುರ್ಯೋಧನನಿಗೆ ಹೇಳಿಬಿಡುತ್ತಾನೆ. ಕೃಷ್ಣನಿಗೆ ಸಿಟ್ಟು ಬರುತ್ತದೆ. ಅವನು ನಕುಲನನ್ನೋ ಸಹದೇವನನ್ನೋ ಕೇಳಿದ್ದರೆ? ದುರ್ಯೋಧನ ಹಾಗೆ ಕೇಳುವುದಿಲ್ಲ. ಅವನನ್ನು ಬರೀ ಖಳನೆಂದು ಓದಲು ನನಗೆ ಕಷ್ಟವಾಗುವ ಜಾಗಗಳಲ್ಲಿ ಇದೂ ಒಂದು. ಅನ್ಯಾಯದ ಜೋಡಿ ಕಟ್ಟಿಕೊಳ್ಳಲು ಅವಕಾಶ ಸಿಕ್ಕಿಯೂ ಅವನು ಕಟ್ಟಿಕೊಳ್ಳಲಿಲ್ಲ. ಅನ್ಯಾಯ ಆಮೇಲೆ, ತೊಡೆಯ ಮೇಲೆ ಬಿದ್ದ ಗದೆಯಲ್ಲಿ ಬಂತು.

ಕಾವ್ಯದಿಂದ ಶಾಸ್ತ್ರಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡುತ್ತದೆ, ಅವರ ಸಾಧನೆ ಏನು, ಊಟ ಏನು ಎಂದೂ ಹೇಳುತ್ತದೆ. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಬಾಕ್ಸಿಂಗಿಗೆ ಎಂಟು ವಿಭಾಗಗಳನ್ನು ಗೊತ್ತುಮಾಡಿದ್ದು ಇದಾಗಿ ಸುಮಾರು ಎಂಟು ಶತಮಾನಗಳ ಮೇಲೆ. ಎಲ್ಲವೂ ನಮ್ಮಲ್ಲೇ ಮೊದಲಿತ್ತು ಎನ್ನಲು ಇದನ್ನು ಹೇಳುತ್ತಿಲ್ಲ (ಆ ಹಾಡು ಸಾಕಷ್ಟು ಕೇಳಿ ಆಗಿದೆ). ನನಗೆ ಬೇಕಾದ್ದು ಒಂದೇ ವಿವರ: ಸೋಮೇಶ್ವರನ ವರ್ಗೀಕರಣದಲ್ಲಿ ಮೈಯ ಗಾತ್ರ ಒಂದು ಅಂಶ ಮಾತ್ರ. ಮೈಸೂರು ದಸರಾ ಕುಸ್ತಿಗೆ ಮೊದಲು ಇವತ್ತಿಗೂ ‘ಜೋಡಿ ಕಟ್ಟುವ’ ದಿನ ಎಂದೇ ಒಂದಿರುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ, ಬಲ್ಲವರು ನೋಡುತ್ತಾರೆ. ಯಾರ ಗರಡಿ, ಹಿಂದೆ ಯಾರ ಜೊತೆ ಹಿಡಿದಿದ್ದ, ಎದೆ ಎಷ್ಟು, ತೋಳು ಎಷ್ಟು ಎಂದೆಲ್ಲ ಲೆಕ್ಕ ಹಾಕಿ ಜೋಡಿ ಕಟ್ಟುತ್ತಾರೆ. ತೂಕವನ್ನೂ ನೋಡುತ್ತಾರೆ, ತೂಕವೊಂದನ್ನೇ ನೋಡುವುದಿಲ್ಲ.

ಬಾಕ್ಸಿಂಗಿನಲ್ಲಿ ತೂಕ ಮತ್ತು ಸುತ್ತು ಎರಡೂ ಒಟ್ಟಿಗೆ ಸಿಕ್ಕಿಕೊಂಡ ಒಂದು ಕಾಳಗವಿದೆ. 1941ರ ಜೂನ್ 18, ನ್ಯೂಯಾರ್ಕ್. ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಎದುರಿಗೆ ಬಿಲ್ಲಿ ಕಾನ್. ಕಾನ್ ಒಂದು ವಿಭಾಗ ಕೆಳಗಿನವನು, ಲೂಯಿಸ್‌ಗಿಂತ ಹತ್ತು ಕೆ.ಜಿ.ಗೂ ಹೆಚ್ಚು ಹಗುರ. ಆದರೂ ಹನ್ನೆರಡು ಸುತ್ತು ಮುಗಿದಾಗ ಅಂಕ ಬರೆಯುವ ಮೂವರಲ್ಲಿ ಇಬ್ಬರ ಚೀಟಿಯಲ್ಲಿ ಕಾನ್ ಮುಂದಿದ್ದ, ಒಬ್ಬರ ಚೀಟಿಯಲ್ಲಿ ಸಮಸಮ. ಇವತ್ತಿನ ನಿಯಮವಿದ್ದಿದ್ದರೆ ಗಂಟೆ ಬಾರಿಸಿ ಕಾನ್‌ನ ಕೈ ಎತ್ತಬೇಕಿತ್ತು. ಅಂದಿನ ನಿಯಮದಲ್ಲಿ ಇನ್ನೂ ಮೂರು ಸುತ್ತು ಬಾಕಿ. ಅಂಕದ ಗೆಲುವು ಸಾಲದೆ ಕಾನ್ ಹದಿಮೂರನೆಯ ಸುತ್ತಿನಲ್ಲಿ ಲೂಯಿಸ್‌ನನ್ನು ಕೆಡವಲು ಹೋದ. ಸುತ್ತು ಮುಗಿಯಲು ಎರಡು ಸೆಕೆಂಡು ಇದ್ದಾಗ ತಾನೇ ಬಿದ್ದಿದ್ದ.

ಹದಿಮೂರನೆಯ ಸುತ್ತಿಗೆ ಇಂಥ ಚರಿತ್ರೆ ಇನ್ನೂ ಇದೆ. 1952ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ರಾಕಿ ಮಾರ್ಸಿಯಾನೊ ಅಂಕದಲ್ಲಿ ಹಿಂದೆ ಬಿದ್ದಿದ್ದ. ಹದಿಮೂರನೆಯ ಸುತ್ತಿನಲ್ಲಿ ಬಲಗೈಯ ಒಂದೇ ಏಟಿಗೆ ಜೆರ್ಸಿ ಜೋ ವಾಲ್ಕಾಟ್ ಹಗ್ಗದ ಮೇಲೆ ಕುಸಿದ. ಹನ್ನೆರಡಕ್ಕೇ ಮುಗಿದಿದ್ದರೆ 49 ಕಾಳಗಗಳಲ್ಲಿ ಒಂದನ್ನೂ ಸೋಲದ ಮಾರ್ಸಿಯಾನೊ ಎಂಬ ದಂತಕತೆಯೇ ಇರುತ್ತಿರಲಿಲ್ಲ. 1981ರಲ್ಲಿ ಶುಗರ್ ರೇ ಲಿಯೊನಾರ್ಡ್, ಮೂರೂ ಚೀಟಿಗಳಲ್ಲಿ ಹಿಂದಿದ್ದವನು, ಹದಿನಾಲ್ಕನೆಯ ಸುತ್ತಿನಲ್ಲಿ ಥಾಮಸ್ ಹರ್ನ್ಸ್‌ನನ್ನು ಮುಗಿಸಿದ. ಹಳಬರು ದುಃಖಿಸುವುದು ಇದಕ್ಕೆ. ಹನ್ನೆರಡು ಸುತ್ತಿನವರೆಗೆ ಕೈಚಳಕ ಗೆಲ್ಲಬಹುದು, ಆಮೇಲಿನ ಮೂರು ಸುತ್ತುಗಳಲ್ಲಿ ಮನುಷ್ಯನೊಳಗೆ ಇನ್ನೇನು ಉಳಿದಿದೆ ಎಂದು ಗೊತ್ತಾಗುತ್ತಿತ್ತು ಎನ್ನುತ್ತಾರೆ. ಸಾಹಿತ್ಯದ ವಿದ್ಯಾರ್ಥಿಯಾಗಿ ಈ ಮಾತಿನ ಸೆಳೆತ ನನಗೆ ಗೊತ್ತಾಗುತ್ತದೆ. ಕೊನೆಯ ಅಂಕವನ್ನು ಕಿತ್ತುಹಾಕಿದ ನಾಟಕವನ್ನು ಯಾರೂ ಒಪ್ಪುವುದಿಲ್ಲ.

ಆದರೆ ಆ ಕೊನೆಯ ಅಂಕಕ್ಕೆ ಬೆಲೆ ಕೊಟ್ಟವರು ಯಾರು ಎಂದು ಕೇಳಿದರೆ ಸೆಳೆತ ಸಡಿಲಾಗುತ್ತದೆ. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಅಮೆರಿಕದ ರೇ ಮ್ಯಾನ್ಸಿನಿಯ ಎದುರು ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದ, ಕೆಲವು ದಿನಗಳಲ್ಲಿ ತೀರಿಕೊಂಡ. ಕೆಲವೇ ವಾರಗಳಲ್ಲಿ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟದ ಕಾಳಗವನ್ನು 12 ಸುತ್ತಿಗೆ ಇಳಿಸಿತು. ಉಳಿದ ಸಂಸ್ಥೆಗಳು ಆ ದಶಕ ಮುಗಿಯುವುದರೊಳಗೆ ಹಿಂಬಾಲಿಸಿದವು. ಇದರಲ್ಲಿ ಟಿ.ವಿ.ಯ ಪಾಲೂ ಇದೆ ಎಂದು ಅನುಮಾನಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಮೂರು ನಿಮಿಷದ 15 ಸುತ್ತು, ನಡುವೆ ಒಂದೊಂದು ನಿಮಿಷ ವಿರಾಮ ಸೇರಿ 59 ನಿಮಿಷ. 12 ಸುತ್ತಾದರೆ 47. ಪೀಠಿಕೆಯೂ ಜಾಹೀರಾತೂ ಸೇರಿ ಒಂದು ಗಂಟೆಯೊಳಗೆ ಚೆನ್ನಾಗಿ ಕೂರುತ್ತದೆ. ಇರಲಿ. ದುಡ್ಡಿಗೂ ಅನುಕೂಲವಾಯಿತು ಎಂಬ ಕಾರಣಕ್ಕೆ ಒಂದು ಜೀವ ಉಳಿಸುವ ನಿಯಮ ಕೆಟ್ಟದ್ದಾಗುವುದಿಲ್ಲ. ಹನ್ನೆರಡು ಸುತ್ತು ಸರ್ವರೋಗಕ್ಕೆ ಮದ್ದೂ ಅಲ್ಲ. 1995ರಲ್ಲಿ ಲಂಡನ್ನಿನಲ್ಲಿ ಜೆರಾಲ್ಡ್ ಮೆಕ್ಲೆಲನ್ ಹತ್ತನೆಯ ಸುತ್ತಿನಲ್ಲೇ ಕುಸಿದು ಬದುಕಿನುದ್ದಕ್ಕೂ ಮಿದುಳಿನ ಊನ ಹೊತ್ತ.

ದೀರ್ಘವಾದದ್ದೆಲ್ಲ ದೊಡ್ಡದು ಎಂಬ ನಂಬಿಕೆಯೂ ನನಗಿಲ್ಲ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನ ಮತ್ತು ಪೋಲೆಂಡಿನ ಸ್ಬಿಷ್ಕೊ ನಡುವಿನ ಕುಸ್ತಿ ಸುಮಾರು ಎರಡೂವರೆ ಗಂಟೆ ನಡೆಯಿತು. ಬಹುಪಾಲು ಹೊತ್ತು ಸ್ಬಿಷ್ಕೊ ನೆಲ ಬಿಟ್ಟು ಏಳಲಿಲ್ಲ. ಕೊನೆಗೆ ಸಮ ಎಂದು ನಿಲ್ಲಿಸಿದರು. ಅವಧಿ ವಿಸ್ತರಣೆಗೆ ಅರ್ಜಿ ಹಾಕಿದ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಕುಸ್ತಿ ಅರ್ಥವಾದಷ್ಟು ಇತರರಿಗೆ ಆಗಲಾರದು. ಇನ್ನೊಂದು ತುದಿಯಲ್ಲಿ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗವಿದೆ. ಮುಷ್ಟಿಯಲ್ಲಿ ನಕ್ರ ಹಿಡಿದ ಜೆಟ್ಟಿಗಳಲ್ಲಿ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದರೆ ಮುಗಿಯಿತು. ಕೆಲವು ವರ್ಷ ಕೆಲವೇ ಕ್ಷಣಗಳ ಮಾತು. ವಿಜಯದಶಮಿಯ ಬೆಳಿಗ್ಗೆ ಅದನ್ನು ನೋಡಲು ಕಾದವರು ಯಾರೂ ಕಾಳಗ ಚಿಕ್ಕದಾಯಿತು ಎಂದು ದೂರುವುದಿಲ್ಲ. ಸುತ್ತಿನ ವಿಷಯದಲ್ಲಿ ನನ್ನ ತೀರ್ಪು ಸರಳ: ಕಡಿಮೆಯಾದದ್ದು ಒಳ್ಳೆಯದಾಯಿತು. ಮಾರ್ಸಿಯಾನೊನಂಥ ಕೆಲವು ಕತೆಗಳನ್ನು ಕಳೆದುಕೊಂಡೆವು. ಕಳೆದುಕೊಳ್ಳಬಹುದಾದವು.

ತೂಕದ ವಿಷಯ ಇಷ್ಟು ಸುಲಭವಲ್ಲ. ಎಂಟು ವಿಭಾಗಗಳ ಕಾಲದಲ್ಲಿ, 1938ರಲ್ಲಿ, ಹೆನ್ರಿ ಆರ್ಮ್‌ಸ್ಟ್ರಾಂಗ್ ಒಂದೇ ಸಮಯಕ್ಕೆ ಮೂರು ವಿಭಾಗಗಳ ಪಟ್ಟ ಇಟ್ಟುಕೊಂಡಿದ್ದ. ಜಗತ್ತಿನ ಎಂಟು ಕಿರೀಟಗಳಲ್ಲಿ ಮೂರು ಒಬ್ಬನ ತಲೆಯ ಮೇಲೆ. ಇಂದು 17 ವಿಭಾಗ, ನಾಲ್ಕು ಮುಖ್ಯ ಸಂಸ್ಥೆ. ಗುಣಿಸಿದರೆ 68 ಬೆಲ್ಟು. ಇದು ಸಾಲದೆಂದು ವಿಶ್ವ ಬಾಕ್ಸಿಂಗ್ ಕೌನ್ಸಿಲ್ 2020ರಲ್ಲಿ ಹದಿನೆಂಟನೆಯ ವಿಭಾಗವೊಂದನ್ನೂ ಸೇರಿಸಿತು. ಪಟ್ಟವಿದ್ದರೆ ‘ವಿಶ್ವ ಚಾಂಪಿಯನ್‌ಶಿಪ್’ ಎಂದು ಭಿತ್ತಿಪತ್ರ ಅಚ್ಚು ಹಾಕಿಸಬಹುದು, ಸಂಸ್ಥೆಗೆ ಶುಲ್ಕ ಬರುತ್ತದೆ. ಒಳ್ಳೆಯ ಇಬ್ಬರು ಪಕ್ಕಪಕ್ಕದ ವಿಭಾಗಗಳಲ್ಲಿ, ಬೇರೆಬೇರೆ ಬೆಲ್ಟು ಕಟ್ಟಿಕೊಂಡು, ಒಬ್ಬರನ್ನೊಬ್ಬರು ವರ್ಷಗಟ್ಟಲೆ ತಪ್ಪಿಸಿಕೊಂಡು ಓಡಾಡಬಹುದು. ಜರಾಸಂಧನ ಭಾಷೆಯಲ್ಲಿ ಹೇಳುವುದಾದರೆ, ಭೀಮ ಬಂದು ನಿಂತರೂ ನೀನು ನನ್ನ ವಿಭಾಗದವನಲ್ಲ ಎಂದು ಬಾಗಿಲು ಹಾಕಿಕೊಳ್ಳುವ ಅನುಕೂಲ ಇದು. ಇಲ್ಲಿ ನಾನು ಹಳಬರ ಪಕ್ಷ.

ಆದರೆ ಹಳಬರು ಹೊಸ ವಿಭಾಗಗಳನ್ನೆಲ್ಲ ಒಂದೇ ಏಟಿಗೆ ಕಸದ ಬುಟ್ಟಿಗೆ ಹಾಕುವಾಗ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ನೋಡುವುದಿಲ್ಲ. ಹಳೆಯ ಎಂಟರಲ್ಲಿ ಅತಿ ಚಿಕ್ಕದು ಫ್ಲೈವೇಟ್: 112 ಪೌಂಡು, ಅಂದರೆ ಸುಮಾರು 51 ಕೆ.ಜಿ. ಅದನ್ನು ಗೊತ್ತುಮಾಡಿದ್ದು ಇಂಗ್ಲೆಂಡಿನ ಮೈಕಟ್ಟನ್ನು ನೋಡಿ. ಅದಕ್ಕಿಂತ ಕೆಳಗೆ 108 ಮತ್ತು 105 ಪೌಂಡಿನ ವಿಭಾಗಗಳು ಬಂದ ಮೇಲೆ ಥಾಯ್ಲೆಂಡ್, ಜಪಾನ್, ಮೆಕ್ಸಿಕೊಗಳ ಸಣ್ಣ ಮೈಯ ಬಡ ಹುಡುಗರಿಗೆ ಬಾಗಿಲು ತೆರೆಯಿತು. ಥಾಯ್ಲೆಂಡಿನ ವಾನ್‌ಹೆಂಗ್ ಮೆನಯೋತಿನ್ 105 ಪೌಂಡಿನಲ್ಲಿ 54 ಕಾಳಗಗಳವರೆಗೆ ಸೋಲೇ ಕಾಣಲಿಲ್ಲ. ಮಾರ್ಸಿಯಾನೊನ 49 ಎಲ್ಲರ ಬಾಯಲ್ಲಿದೆ, ಈ 54 ಯಾರ ಬಾಯಲ್ಲೂ ಇಲ್ಲ. ಸಣ್ಣ ವಿಭಾಗಗಳ ಬಗ್ಗೆ ಕೇಳಿಬರುವ ‘ಇದೆಲ್ಲ ಅಗ್ಗದ ಪಟ್ಟ’ ಎಂಬ ಮಾತಿನಲ್ಲಿ ಆಟದ ಕಾಳಜಿ ಎಷ್ಟು, ದೊಡ್ಡ ಮೈಯ ಮೇಲಿನ ಮೋಹ ಎಷ್ಟು ಎಂದು ತೂಗಿ ನೋಡಬೇಕು.

ವಿಚಿತ್ರವೆಂದರೆ, ದುಡ್ಡಿನ ಬಾಕ್ಸಿಂಗಿನಲ್ಲಿ ವಿಭಾಗಗಳು ಹೆಚ್ಚಿ ಉಳಿದಿರುವಾಗಲೇ ಒಲಿಂಪಿಕ್ಸಿನಲ್ಲಿ ಗಂಡಸರ ವಿಭಾಗಗಳು ಕಡಿಮೆಯಾಗಿವೆ. 2012ರಲ್ಲಿ 10 ಇದ್ದವು, 2024ರ ಪ್ಯಾರಿಸ್‌ನಲ್ಲಿ 7. ಹೆಂಗಸರಿಗೆ 2012ರಲ್ಲಿ ಮೊದಲ ಬಾರಿ ಬಾಗಿಲು ತೆರೆದಾಗ ಕೊಟ್ಟದ್ದು ಮೂರೇ ವಿಭಾಗ: 51, 60, 75. 46, 48 ಕೆ.ಜಿ.ಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ 51ಕ್ಕೆ ಏರಿ, ತನಗಿಂತ ದೊಡ್ಡ ಮೈಯವರ ಎದುರು ಆಡಿ ಕಂಚು ತಂದರು. ನಾವು ಆ ಕಂಚನ್ನು ಛಲದ ಕತೆಯಾಗಿ ಸಿನಿಮಾ ಮಾಡಿ ನೋಡಿದೆವು. ಅದು ವಿಭಾಗ ಇಲ್ಲದ್ದರ ಕತೆಯೂ ಹೌದು.

ಕುಸ್ತಿಯಲ್ಲಿ ಇದಕ್ಕೆ ಉಲ್ಟಾ ಸಾಕ್ಷಿ ಸಿಗುತ್ತದೆ. 2013ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ ಕುಸ್ತಿಯನ್ನೇ ಹೊರಗಿಡಬೇಕೆಂದು ಶಿಫಾರಸು ಮಾಡಿತ್ತು. ಅದುವರೆಗಿನ ನಿಯಮ ಅಷ್ಟು ಗೋಜಲಾಗಿತ್ತು: ಎರಡೆರಡು ನಿಮಿಷದ ಮೂರು ಸುತ್ತು, ಅಂಕವೇ ಬಾರದ ಸುತ್ತಿನಲ್ಲಿ ಚೀಲದಿಂದ ಬಣ್ಣದ ಚೆಂಡು ತೆಗೆದು ಯಾರು ಕಾಲು ಹಿಡಿಯಬೇಕೆಂದು ನಿರ್ಧರಿಸುತ್ತಿದ್ದರು. ಇಂಥದ್ದನ್ನು ಜಾತ್ರೆಯ ಕಣದಲ್ಲಿ ಮಾಡಿದ್ದರೆ ಜನ ಎದ್ದು ಮನೆಗೆ ಹೋಗುತ್ತಿದ್ದರು. ಕುಸ್ತಿ ಉಳಿಯಲು ಮೂರು ನಿಮಿಷದ ಎರಡು ಸುತ್ತು ಬಂತು. ವಿಭಾಗಗಳ ಹಂಚಿಕೆಯೂ ಬದಲಾಯಿತು: 2016ರಿಂದ ಗಂಡಸರ ಎರಡು ಶೈಲಿಗಳಿಗೆ ಏಳೇಳರ ಬದಲು ಆರಾರು, ಹೆಂಗಸರಿಗೆ ನಾಲ್ಕರ ಬದಲು ಆರು. ಲಂಡನ್ನಿನಲ್ಲಿ ಹೆಂಗಸರಿಗೆ 55 ಆದ ಮೇಲೆ ನೇರ 63 ಕೆ.ಜಿ. ಇತ್ತು. ರಿಯೊದಲ್ಲಿ ನಡುವೆ 58 ಬಂತು. ಸಾಕ್ಷಿ ಮಲಿಕ್ ಕಂಚು ಗೆದ್ದದ್ದು ಅದೇ 58ರಲ್ಲಿ. ಒಲಿಂಪಿಕ್ಸ್ ಕುಸ್ತಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಪದಕ ಬಂದದ್ದು ನಾಲ್ಕು ವರ್ಷದ ಹಿಂದೆ ಇಲ್ಲದೇ ಇದ್ದ ವಿಭಾಗದಲ್ಲಿ. ಹೆಚ್ಚುವರಿ ವಿಭಾಗದಿಂದ ಯಾರಿಗೆ ಲಾಭ ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಇಷ್ಟಾದರೂ ಎಷ್ಟು ಮೆಟ್ಟಿಲು ಕಟ್ಟಿದರೂ ಹೋಗದ ಒಂದು ರೋಗವಿದೆ. ವಿಭಾಗ ಇದ್ದಲ್ಲಿ ಅದರ ಕೆಳಗಿನ ವಿಭಾಗದ ಆಸೆಯೂ ಇರುತ್ತದೆ. ಎಂ.ಎ. ಓದುವಾಗ ನನ್ನ ಕೋಣೆಯಲ್ಲಿ ನಮ್ಮ ಕಡೆಯ ಹುಡುಗನೊಬ್ಬನಿದ್ದ, ಡಿಗ್ರಿ ಓದುತ್ತ ಕುಸ್ತಿ ಆಡುತ್ತಿದ್ದ. ಸಹಜ ತೂಕ 62ರ ಆಸುಪಾಸು, ಆಡುತ್ತಿದ್ದದ್ದು 57ರಲ್ಲಿ. ಸ್ಪರ್ಧೆಗೆ ನಾಲ್ಕು ದಿನ ಇದೆ ಎಂದರೆ ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ ಜಾಕೀಟು ಹಾಕಿಕೊಂಡು ಓಡುತ್ತಿದ್ದ. ರಾತ್ರಿ ಚೊಂಬು ಎತ್ತಿದ್ದು ಕಂಡು, ಕುಡಿಯೋ ಮಾರಾಯ ಎಂದೆ. “ಕುಡಿಯಂಗಿಲ್ಲ ಅಣ್ಣ, ಬಾಯಿ ಮುಕ್ಕಳಿಸಿ ಉಗುಳದಷ್ಟೆ” ಎಂದ. ಮುಕ್ಕಳಿಸಿದ, ಉಗುಳಿದ, ಉಗುಳಿದ ನೀರನ್ನೇ ನೋಡುತ್ತ ನಿಂತ. ತುಟಿ ಒಡೆದು ಬಿಳುಚಿತ್ತು. 57ರಲ್ಲಿ ಅವನ ಎದುರಾಳಿಯೂ ಹಾಗೆಯೇ ಇಳಿದು ಬಂದವನಾಗಿರುತ್ತಿದ್ದ. ಇಬ್ಬರೂ 62ರವರು, ಇಬ್ಬರೂ ಬಾಯಾರಿ 57ರಲ್ಲಿ ಭೇಟಿಯಾಗುತ್ತಾರೆ. ಸಮಾನತೆಗಾಗಿ ಮಾಡಿದ ನಿಯಮ ಇಬ್ಬರಿಗೂ ಸಮನಾಗಿ ಬಾಯಾರಿಕೆ ಹಂಚಿತು.

ಕಿಮ್ ಡುಕ್ ಕೂ ಕತೆಯಲ್ಲಿ ನಾನು ಮೇಲೆ ಬಿಟ್ಟ ಒಂದು ವಿವರ ಇಲ್ಲಿ ಬೇಕು. ಮ್ಯಾನ್ಸಿನಿಯ ಎದುರು ನಿಲ್ಲುವ ಮೊದಲು 135 ಪೌಂಡಿಗೆ ಇಳಿಯಲು ಅವನು ತುಂಬ ಪಾಡುಪಟ್ಟಿದ್ದ. ಅವನ ಸಾವಿನ ಮೇಲೆ ಸುತ್ತು ಕಡಿಮೆಯಾಯಿತು, ತಕ್ಕಡಿಯನ್ನು ಯಾರೂ ಪ್ರಶ್ನಿಸಲಿಲ್ಲ. ಬದಲಿಗೆ ವೃತ್ತಿಪರ ಬಾಕ್ಸಿಂಗಿನಲ್ಲಿ ತೂಕ ನೋಡುವುದನ್ನು ಕಾಳಗದ ಹಿಂದಿನ ದಿನಕ್ಕೇ ತಳ್ಳಿದರು. ಒಣಗಿ ಬಂದು ತೂಕ ಕೊಟ್ಟು, ರಾತ್ರಿಯೆಲ್ಲ ನೀರು ತುಂಬಿಕೊಂಡು, ಮರುದಿನ ಒಂದೆರಡು ವಿಭಾಗ ಮೇಲಿನ ಮೈಯಲ್ಲಿ ರಿಂಗಿಗೆ ಬರಬಹುದು. ಕೆಳಗಿನ ವಿಭಾಗಗಳಲ್ಲಿ ಕೆಲವೆಡೆ ಒಂದಕ್ಕೂ ಮುಂದಿನದಕ್ಕೂ ಅಂತರ ಮೂರೇ ಪೌಂಡು, ಸುಮಾರು 1.4 ಕೆ.ಜಿ. ಒಂದೂವರೆ ಲೀಟರ್ ನೀರಿಗಿಂತ ಕಡಿಮೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಒಂದೂವರೆ ತಿಂಗಳೊಳಗೆ ಸತ್ತರು. ಅಲ್ಲಿಯ ಕಾಲೇಜು ಕುಸ್ತಿ ಆಮೇಲೆ ನಿಯಮ ಬದಲಿಸಿತು: ಮೈಯಲ್ಲಿ ನೀರಿನಂಶ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಒಬ್ಬೊಬ್ಬರಿಗೂ ಇದಕ್ಕಿಂತ ಕೆಳಗೆ ಇಳಿಯಕೂಡದು ಎಂಬ ಗೆರೆ ಹಾಕುತ್ತಾರೆ. ವಿಭಾಗ ಎಷ್ಟಿರಬೇಕು ಎಂಬ ಚರ್ಚೆಗಿಂತ ಈ ಗೆರೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಗರಡಿಯ ಉಸ್ತಾದನ ಕಣ್ಣಿಗೆ ಇದು ಹತ್ತಿರದ್ದು. ಜೋಡಿ ಕಟ್ಟುವವನು ಒಡೆದ ತುಟಿಯನ್ನು ನೋಡುತ್ತಾನೆ, ತಕ್ಕಡಿ ನೋಡುವುದಿಲ್ಲ.

ಜೋಡಿ ಕಟ್ಟುವ ಪದ್ಧತಿಯನ್ನು ಸ್ವರ್ಗವೆಂದು ನಾನು ವರ್ಣಿಸಲಾರೆ. ಕಣ್ಣಳತೆಯಲ್ಲಿ ಕೈಗುಣವೂ ಸೇರುತ್ತದೆ, ತಮ್ಮ ಗರಡಿಯ ಹುಡುಗನಿಗೆ ಸುಲಭದ ಜೋಡಿ ಹುಡುಕುವುದೂ ಸೇರುತ್ತದೆ. ಎಷ್ಟೋ ಕಾಲ ಆ ಕಣ್ಣಿಗೆ ಹುಡುಗಿಯರು ಕಂಡೇ ಇರಲಿಲ್ಲ. ತಕ್ಕಡಿಗೆ ಗರಡಿಯೂ ಗೊತ್ತಿಲ್ಲ, ಜಾತಿಯೂ ಗೊತ್ತಿಲ್ಲ, ಅದು ಅದರ ದೊಡ್ಡ ಗುಣ. ಆದರೆ 2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ನೂರು ಗ್ರಾಂ ಹೆಚ್ಚಿದ್ದಾಗ ತಕ್ಕಡಿಗೆ ಹಿಂದಿನ ದಿನದ ಮೂರು ಗೆಲುವುಗಳೂ ಗೊತ್ತಿರಲಿಲ್ಲ. ಆ ಮೂರರಲ್ಲಿ ಒಂದು ಜಪಾನಿನ ಯುಯಿ ಸುಸಾಕಿಯ ಮೇಲಿನದು. ವಿನೇಶ್ ಅದಕ್ಕೂ ಮೊದಲು 53ರಲ್ಲಿ ಆಡುತ್ತಿದ್ದವರು. ಆ ವಿಭಾಗದಲ್ಲಿ ದೇಶದ ಜಾಗ ಅಂತಿಮ್ ಪಂಘಾಲ್ ಪಾಲಾಗಿತ್ತು, ಇಳಿಯಲು ಇದ್ದದ್ದು 50. ಅದಕ್ಕೂ ಕೆಳಗೆ ವಿಭಾಗವಿಲ್ಲ, ಮೇಲೆ ಜಾಗವಿಲ್ಲ. ಎರಡನೆಯ ದಿನವೂ ಅದೇ ತೂಕ ತೋರಿಸಬೇಕೆಂಬ ನಿಯಮ ತೂಕ ಇಳಿಸುವ ಆಟವನ್ನು ತಡೆಯಲೆಂದೇ ಬಂದದ್ದು, ಉದ್ದೇಶ ಒಳ್ಳೆಯದೇ. ಮೊದಲ ದಿನದ ಗೆಲುವನ್ನೂ ಅಳಿಸಿ ಕೊನೆಯ ಸ್ಥಾನಕ್ಕೆ ತಳ್ಳಿದ್ದರಲ್ಲಿ ಮಾತ್ರ ನನಗೆ ಯಾವ ನ್ಯಾಯವೂ ಕಾಣುವುದಿಲ್ಲ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಬಾಕ್ಸಿಂಗಿನಲ್ಲಿ ಹೆಂಗಸರಿಗೂ ಗಂಡಸರಿಗೂ ಏಳೇಳು ವಿಭಾಗ ಎಂದು ಗೊತ್ತಾಗಿದೆ. ಮೇರಿ ಕೋಮ್ ಆಡಿದಾಗಿನ ಮೂರಕ್ಕೆ ಹೋಲಿಸಿದರೆ ದೊಡ್ಡ ಹೆಜ್ಜೆ. ಕುಸ್ತಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ಪ್ರತಿ ಶೈಲಿಯಲ್ಲೂ ಹತ್ತು ವಿಭಾಗಗಳಿವೆ, ಒಲಿಂಪಿಕ್ಸಿಗೆ ಆರೇ. ಕರ್ನಾಟಕದ ಅರ್ಜುನ್ ಹಲಕುರ್ಕಿ 2020ರಲ್ಲಿ ನವದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರೀಕೊ-ರೋಮನ್ ಶೈಲಿಯ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದಾಗ ನಮ್ಮ ಪತ್ರಿಕೆಗಳು ಫೋಟೊ ಹಾಕಿದವು. ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಆ ಶೈಲಿಯ ಅತಿ ಚಿಕ್ಕ ವಿಭಾಗ 60 ಕೆ.ಜಿ. ಅಲ್ಲಿ ನಿಲ್ಲಬೇಕೆಂದರೆ 55ರ ಕುಸ್ತಿಪಟು ಐದು ಕೆ.ಜಿ. ಮೈ ಬೆಳೆಸಿಕೊಂಡು ಹೋಗಬೇಕು. ಎದುರಿಗೆ 65ರಿಂದ ಇಳಿದು ಬಂದವನು ಕಾಯುತ್ತಿರುತ್ತಾನೆ.